ಹೊಸ ಟೈರು ಹಿಂದಕ್ಕಿರಲಿ

ಮಳೆಗಾಲಕ್ಕೆ ಮುನ್ನ ಕಾರಿನ ಎರಡು ಟೈರುಗಳನ್ನು ಬದಲಿಸಲು ಅಂಗಡಿಗೆ ಹೋಗಿದ್ದೆ. ನಾಲ್ಕನ್ನೂ ಒಟ್ಟಿಗೆ ಕೊಳ್ಳುವುದೇ ಲೇಸೆಂದು ಬಲ್ಲೆನಾದರೂ ನಮ್ಮಂಥವರ ತಿಂಗಳ ಲೆಕ್ಕ ಎರಡಕ್ಕಷ್ಟೇ ಒಪ್ಪುತ್ತದೆ. ಸವೆದಿದ್ದವು ಮುಂದಿನವು. ಕೆಲಸದ ಹುಡುಗ ಹೊಸವನ್ನು ಅಲ್ಲಿಗೇ ಹಾಕಲು ಅಣಿಯಾದ. 'ಹಿಂದಿನವನ್ನು ಮುಂದಕ್ಕೆ ತಂದು ಹೊಸವನ್ನು ಹಿಂದಕ್ಕೆ ಹಾಕಪ್ಪ' ಎಂದೆ. ಆತ ಮಾಲೀಕರ ಮುಖ ನೋಡಿದ. 'ಎಳೆಯುವುದು, ತಿರುಗುವುದು, ಬ್ರೇಕಿನ ಭಾರ ಹೊರುವುದು ಎಲ್ಲವೂ ಮುಂದಿನ ಚಕ್ರ. ಹಿಂದಿನವು ಸುಮ್ಮನೆ ಉರುಳಿಕೊಂಡು ಬರುತ್ತವೆ ಸಾರ್' ಎಂದರು ಮಾಲೀಕರು.

ಈ ತರ್ಕವನ್ನು 2013ರವರೆಗೆ ನಾನೂ ನಂಬಿದ್ದೆ. ಆ ವರ್ಷ ಜುಲೈನಲ್ಲಿ ಮುಂದಕ್ಕೆ ಎರಡು ಹೊಸ ಟೈರು ಹಾಕಿಸಿಕೊಂಡು, ಇನ್ನು ಭಯವಿಲ್ಲವೆಂಬ ಧೈರ್ಯದಿಂದ ಮಂಗಳೂರಿಗೆ ಹೊರಟೆ. ಶಿರಾಡಿ ಘಾಟಿಯನ್ನು ಜೋಪಾನವಾಗಿ ಇಳಿದೆವು. ಎಡವಟ್ಟಾದದ್ದು ಗುಂಡ್ಯ ದಾಟಿ ನೆಲ್ಯಾಡಿಯ ಕಡೆ ಸಾಗುವಾಗ, ಅಪಾಯವೇ ಕಾಣದ ಒಂದು ತಿರುವಿನಲ್ಲಿ. ವೇಗ 65 ಕಿಲೋಮೀಟರ್ ಇದ್ದಿರಬಹುದು. ರಸ್ತೆಯ ಮೇಲೆ ನೀರು ನಿಂತಿತ್ತು. ಮುಂದಿನ ಚಕ್ರಗಳು ವಿಧೇಯವಾಗಿ ತಿರುಗಿದವು. ಹಿಂಭಾಗ ಮಾತ್ರ ನಮ್ಮನ್ನು ಹಿಂದಿಕ್ಕಲು ಹೊರಟಂತೆ ಪಕ್ಕಕ್ಕೆ ಜಾರಿತು. ಗಾಬರಿಯಿಂದ ಆಕ್ಸಲರೇಟರಿನಿಂದ ಕಾಲು ತೆಗೆದೆ. ಕಾರು ಗಿರಕಿ ಹೊಡೆದು, ಬಂದ ದಾರಿಗೇ ಮುಖ ಮಾಡಿ ನಿಂತಿತು. ಎದುರಿನಿಂದ ಲಾರಿ ಬಂದದ್ದು ಅರ್ಧ ನಿಮಿಷದ ನಂತರ. ಹಿಂದಿನ ಸೀಟಿನಲ್ಲಿದ್ದ ಮಗಳು ಉಪ್ಪಿನಂಗಡಿಯವರೆಗೂ ಮಾತನಾಡಲಿಲ್ಲ.

ಆಮೇಲೆ ಓದಿ ತಿಳಿದುಕೊಂಡದ್ದಿಷ್ಟು. ಟೈರಿನ ಗೀರುಗಳು ಇರುವುದು ಚಕ್ರದಡಿಯ ನೀರನ್ನು ಪಕ್ಕಕ್ಕೆ ತಳ್ಳಲು. ಹೊಸ ಕಾರು ಟೈರಿನಲ್ಲಿ ಅವು ಸುಮಾರು 8 ಮಿಲಿಮೀಟರ್ ಆಳವಿರುತ್ತವೆ. 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರವೇ ಆ ಟೈರು ನಿರುಪಯುಕ್ತ. ಆ ಮಟ್ಟವನ್ನು ತೋರಿಸಲೆಂದೇ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿವೆ. ಆದರೆ ಮಳೆ ಕಾನೂನಿನ ಮಿತಿಗಾಗಿ ಕಾಯುವುದಿಲ್ಲ. ಆಳ ಕಡಿಮೆಯಾದಂತೆಲ್ಲ ಟೈರು ನೀರನ್ನು ಸೀಳಲಾರದೆ ಅದರ ಮೇಲೇರುತ್ತದೆ.

ಮುಂದಿನ ಚಕ್ರ ಹೀಗೆ ತೇಲಿದರೆ ಸ್ಟೀರಿಂಗ್ ಹಗುರವಾದದ್ದು ಕೈಗೆ ತಿಳಿಯುತ್ತದೆ, ಕಾರು ತಿರುಗದೆ ನೇರ ಹೋಗುತ್ತದೆ. ವೇಗ ತಗ್ಗಿಸಿದರೆ ಬಹುಮಟ್ಟಿಗೆ ಹಿಡಿತ ಮರಳುತ್ತದೆ. ಹೆದರಿದ ಮನುಷ್ಯ ತಾನಾಗಿಯೇ ಮಾಡುವ ಕೆಲಸವೂ ಅದೇ. ಹಿಂದಿನ ಚಕ್ರ ತೇಲಿದಾಗ ಅದೇ ಸಹಜ ಪ್ರತಿಕ್ರಿಯೆ ಶತ್ರುವಾಗುತ್ತದೆ: ಕಾಲು ತೆಗೆದೊಡನೆ ಭಾರ ಮುಂದಕ್ಕೆ ವಾಲಿ, ಮೊದಲೇ ಜಾರುತ್ತಿದ್ದ ಹಿಂಬದಿ ಇನ್ನಷ್ಟು ಹಗುರವಾಗುತ್ತದೆ. ಜಾರುವ ದಿಕ್ಕಿಗೇ ಸ್ಟೀರಿಂಗ್ ತಿರುಗಿಸಿ ಕಾರನ್ನು ಹತೋಟಿಗೆ ತರುವುದು ರ‍್ಯಾಲಿ ಚಾಲಕರ ವಿದ್ಯೆ. ಕಚೇರಿಗೆ ಹೋಗಿಬರುವ ನನ್ನದಲ್ಲ. ಮುಂದಿನ ಚಕ್ರ ಎಳೆಯುವ ಕಾರಿಗೂ ಹಿಂದಿನದು ತಳ್ಳುವ ಕಾರಿಗೂ ಹೊಸ ಜೋಡಿ ಹಿಂದಕ್ಕೇ ಎಂದು ಮಿಷೆಲಿನ್‌ನಂಥ ತಯಾರಕರು ಹೇಳುವುದು ಇದಕ್ಕೇ. ಈಗಿನ ಅನೇಕ ಕಾರುಗಳಲ್ಲಿರುವ ಸ್ಥಿರತಾ ನಿಯಂತ್ರಣ ವ್ಯವಸ್ಥೆ ನೆರವಿಗೆ ಬರುತ್ತದೆ ನಿಜ, ಆದರೆ ಇಲ್ಲದ ಹಿಡಿತವನ್ನು ಅದು ಸೃಷ್ಟಿಸಲಾರದು.

ಅಂಗಡಿಯವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಮುಂದಿನವು ಬೇಗ ಸವೆಯುತ್ತವೆ. ಹಳತನ್ನು ಅಲ್ಲಿಗೆ ಹಾಕಿದರೆ ಒದ್ದೆ ರಸ್ತೆಯಲ್ಲಿ ಕಾರು ನಿಲ್ಲಲು ತುಸು ಹೆಚ್ಚು ದೂರ ಬೇಕಾದೀತು. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಚಕ್ರಗಳನ್ನು ಅದಲುಬದಲು ಮಾಡಿಸಿದ್ದರೆ ನಾಲ್ಕೂ ಸಮನಾಗಿ ಸವೆದು ಈ ವಾದವೇ ಹುಟ್ಟುತ್ತಿರಲಿಲ್ಲ. ನಾನು ಮಾಡಿಸಿರಲಿಲ್ಲ.

ಮಾಲೀಕರು ಕೊನೆಗೆ ಒಪ್ಪಿದರು. ಮನವರಿಕೆಯಾಗಿ ಅಲ್ಲ, ಗಿರಾಕಿಯ ಹಟಕ್ಕೆ ಮಣಿದು. ಮುಂದಕ್ಕೆ ಬಂದ ಹಳೆಯ ಜೋಡಿಯಲ್ಲಿ ಇನ್ನೂ 4 ಮಿಲಿಮೀಟರ್ ಉಳಿದಿದೆ. ಅವು ಸವೆದಾಗ ಈಗ ಹಿಂದಿರುವವು ಮುಂದಕ್ಕೆ ಬರುತ್ತವೆ, ಹೊಸವು ಮತ್ತೆ ಹಿಂದಕ್ಕೆ. ಆ ಹುಡುಗನಿಗೆ ಅದನ್ನು ಈಗಲೇ ಹೇಳಿಟ್ಟು ಬಂದಿದ್ದೇನೆ.