ಡೂಮ್ ತಿಕ್ಕುವವರು

ಹಳೆಯ ಟಾಟಾ, ಲೈಲ್ಯಾಂಡ್ ಲಾರಿಗಳ ಏಳಿಂಚಿನ ದುಂಡು ಹೆಡ್‌ಲೈಟು ಗಾಜಿನದು. ಕಲ್ಲು ಸಿಡಿದರೆ ಒಡೆಯುತ್ತಿತ್ತು, ಆದರೆ ಹಳದಿಯಾಗುತ್ತಿರಲಿಲ್ಲ. ಒಡೆದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಊರಿನದೇ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೋ ಹೊಸದು ಸಿಗುತ್ತಿತ್ತು, ಕ್ಲೀನರ್ ಹುಡುಗನೇ ಸ್ಕ್ರೂ ಬಿಚ್ಚಿ ಕೂರಿಸುತ್ತಿದ್ದ. ಆಮೇಲಿನ ಲಾರಿಗಳಿಗೆ ವಾರೆಕೋರೆ ಆಕಾರದ ಪ್ಲಾಸ್ಟಿಕ್ ಡೂಮ್ ಬಂತು. ಒಂದು ಮಾಡೆಲ್ಲಿನದು ಇನ್ನೊಂದಕ್ಕೆ ಕೂರುವುದಿಲ್ಲ, ಬೆಲೆಯೂ ಕೈಗೆ ಹತ್ತುವಂಥದ್ದಲ್ಲ. ಕೆಲವು ಬೇಸಿಗೆ, ಕೆಲವು ಮಳೆಗಾಲ ಕಂಡ ಮೇಲೆ ಅದು ಮಾಸಿ ಮಬ್ಬಾಗುತ್ತದೆ. ಬಲ್ಬ್ ಉರಿಯುತ್ತಿದೆಯೋ ಇಲ್ಲವೋ ಎಂದು ಡ್ರೈವರ್ ಇಳಿದು ನೋಡಬೇಕು. ಅದನ್ನೇ ತಿಕ್ಕಿ, ಬಿಚ್ಚಿ, ಅಂಟಿಸಿ ಮತ್ತೆ ದುಡಿಸುವ ಕಸುಬು ಹುಟ್ಟಿಕೊಂಡದ್ದು ಹೀಗೆ. ಇದಕ್ಕೆಂದೇ ಬೋರ್ಡ್ ಹಾಕಿಕೊಂಡವರು ಕಡಿಮೆ. ಲಾರಿ ಸ್ಟ್ಯಾಂಡಿನ ಆಸುಪಾಸಿನ ಆಟೊ ಎಲೆಕ್ಟ್ರಿಷಿಯನ್ ಅರ್ಧ ಕೆಲಸ ಮಾಡುತ್ತಾನೆ, ಪೇಂಟಿಂಗ್ ಶೆಡ್ಡಿನವನು ಉಳಿದರ್ಧ.

ಡೂಮಿನ ಮುಂಭಾಗ ಪಾಲಿಕಾರ್ಬೊನೇಟ್. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಬೇರೆಬೇರೆಯಾಗಿ ಕಂಡುಕೊಂಡ ವಸ್ತು. ಗಾಜಿಗಿಂತ ಹಗುರ, ಕಲ್ಲೇಟಿಗೆ ಜಗ್ಗದು. ಬಿಸಿಲಿಗೆ ಮಾತ್ರ ಜಗ್ಗುತ್ತದೆ. ನೇರಳಾತೀತ ಕಿರಣ ಬಿದ್ದಲ್ಲಿ ಅದರ ಮೇಲ್ಪದರ ಹಳದಿಗೆ ತಿರುಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲೇ ಮೇಲೊಂದು ತೆಳು ಗಟ್ಟಿ ಲೇಪ ಬಳಿದಿರುತ್ತಾರೆ. ಸಂಡೂರಿನ ಅದಿರಿನ ದಾರಿಯಲ್ಲಿ ಓಡುವ ಲಾರಿಯಾದರೆ ದೂಳು ಉಜ್ಜಿ ಉಜ್ಜಿ ಆ ಲೇಪ ಬೇಗ ಸವೆಯುತ್ತದೆ. ಹೆದ್ದಾರಿಯ ಬಿಸಿಲಿಗೆ ನಿಧಾನವಾಗಿ ಬಿರಿದು ಹಕ್ಕಳೆ ಏಳುತ್ತದೆ. ಆದರೆ ಕೇಡೆಲ್ಲ ಮೇಲಿನ ತೊಗಲಿನಲ್ಲೇ, ಅದರ ಕೆಳಗಿನ ಪ್ಲಾಸ್ಟಿಕ್ ತಿಳಿಯಾಗಿಯೇ ಇರುತ್ತದೆ. ತಿಕ್ಕುವವರ ಅನ್ನ ಇರುವುದು ಈ ಒಂದು ಸಂಗತಿಯಲ್ಲಿ.

ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಟೇಪ್ ಹಚ್ಚಿ, ಸೋಪಿನ ನೀರು ಹಾಯಿಸುತ್ತ ಮೊದಲು 800 ಅಥವಾ 1000 ನಂಬರಿನ ವಾಟರ್ ಪೇಪರ್ ಹಿಡಿಯುತ್ತಾರೆ. ಹಳೆಯ ಲೇಪ ಹಳದಿ ಹಾಲಿನಂತೆ ಇಳಿಯುತ್ತದೆ. ಆ ನೀರು ಬಿಳಿಯಾಗುವವರೆಗೂ ತಿಕ್ಕಬೇಕು. ಈ ಹಂತದಲ್ಲಿ ಡೂಮ್ ಮೊದಲಿಗಿಂತ ಕುರುಡಾಗಿ ಕಾಣುತ್ತದೆ, ಲಾರಿ ಮಾಲೀಕನ ಮುಖ ಬಾಡುವುದೂ ಆಗಲೇ. ಮುಂದೆ 1500, 2000, 3000. ಪೇಪರ್ ಬದಲಿಸಿದಾಗ ತಿಕ್ಕುವ ದಿಕ್ಕನ್ನೂ ಬದಲಿಸುತ್ತಾರೆ: ಹಿಂದಿನ ಪೇಪರಿನ ಗೀರು ಅಡ್ಡಡ್ಡ ಕಂಡರೆ ಕೆಲಸ ಮುಗಿದಿಲ್ಲ ಎಂದರ್ಥ. ಅವಸರದವರು ನಡುವಿನ ನಂಬರ್ ಹಾರಿಸಿ ನೇರ ಪಾಲಿಶಿಗೆ ಹೋಗುತ್ತಾರೆ; ಹಗಲಲ್ಲಿ ಮಿನುಗುವ ಆ ಡೂಮ್ ರಾತ್ರಿ ಬೆಳಕನ್ನು ಚೆದುರಿಸುತ್ತದೆ. ಕೊನೆಗೆ ಕಾಂಪೌಂಡ್ ಹಚ್ಚಿ ಬಫ್. ಮೆಷಿನ್ನನ್ನು ಒಂದೇ ಕಡೆ ಒತ್ತಿ ನಿಲ್ಲಿಸಿದರೆ ಪ್ಲಾಸ್ಟಿಕ್ ಸುಡುತ್ತದೆ. ತಿನ್ನರಿನಲ್ಲಿ ಒರೆಸಿದರೆ ಕೂದಲೆಳೆಯ ಬಿರುಕು ಬಿಡುತ್ತದೆ, ಅದಕ್ಕೆ ಮದ್ದಿಲ್ಲ.

ಬಹಳ ಮಂದಿ ಇಲ್ಲಿಗೇ ಹಣ ಕೊಟ್ಟು ಹೊರಡುತ್ತಾರೆ, ಕೆಲವೇ ತಿಂಗಳಲ್ಲಿ ಬೈಯುತ್ತ ಮರಳುತ್ತಾರೆ. ಹಳೆಯ ಲೇಪವನ್ನು ಕಿತ್ತ ಮೇಲೆ ಹೊಸ ಲೇಪ ಬೇಕೇ ಬೇಕು. ಹಾರ್ಡನರ್ ಬೆರೆಸುವ, ನೇರಳಾತೀತ ಕಿರಣ ತಡೆಯುವ ಕ್ಲಿಯರ್ ಕೋಟನ್ನು ದೂಳಿಲ್ಲದ ಜಾಗದಲ್ಲಿ ಸ್ಪ್ರೇ ಮಾಡಿದರೆ ಮಾತ್ರ ತಿಕ್ಕಿದ್ದು ನಿಲ್ಲುತ್ತದೆ. ಈ ಹಾರ್ಡನರಿನ ಹಬೆ ಶ್ವಾಸಕೋಶಕ್ಕೆ ಕೆಟ್ಟದ್ದು. ಶೆಡ್ಡುಗಳಲ್ಲಿ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಹೊಡೆಯುವ ರೂಢಿಯಿದೆ. ಅದು ಏನೇನೂ ಸಾಲದು, ಫಿಲ್ಟರ್ ಇರುವ ಮಾಸ್ಕೇ ಬೇಕು. ಇನ್ನು ಟೂತ್‌ಪೇಸ್ಟ್ ವೈದ್ಯ. ಅದರಲ್ಲೂ ನುಣ್ಣನೆಯ ಉಜ್ಜುಪುಡಿ ಇರುವುದರಿಂದ ತುಸು ಹೊಳಪು ಬರುವುದು ನಿಜ. ಮದುವೆ ದಿಬ್ಬಣದ ದಿನಕ್ಕೆ ಸಾಕು.

ಮಬ್ಬಿಗಿಂತ ಕಷ್ಟದ್ದು ನೀರು. ಮಂಗಳೂರು ಬಂದರಿನಿಂದ ಶಿರಾಡಿ ಘಾಟಿ ಹತ್ತುವ ಲಾರಿಗಳಿಗೆ ಜೂನ್ ಬಂತೆಂದರೆ ಈ ಕಾಯಿಲೆ. ಬೆಳಗ್ಗೆ ಒಳಗೆ ತೆಳುವಾಗಿ ಮಂಜು ಕಟ್ಟಿ, ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಕರಗಿದರೆ ಗಾಬರಿಯಿಲ್ಲ. ಹನಿ ಉರುಳಿ ತಳದಲ್ಲಿ ನಿಂತರೆ ಸೋರಿಕೆ ಖಂಡಿತ. ಉರಿಯುವ ಡೂಮಿನೊಳಗೆ ಗಾಳಿ ಕಾದು ಹಿಗ್ಗಿರುತ್ತದೆ. ಮೇಲೆ ತಣ್ಣನೆ ಮಳೆ ಹೊಡೆದಾಗ ಅದು ಕುಗ್ಗಿ, ಸಂದಿಯಲ್ಲಿರುವ ನೀರನ್ನು ಒಳಕ್ಕೆ ಎಳೆಯುತ್ತದೆ. ಈ ಉಸಿರಾಟಕ್ಕೆಂದೇ ಹಿಂದೆ ಪುಟ್ಟ ರಂಧ್ರ, ಅದಕ್ಕೊಂದು ಬಾಗಿದ ರಬ್ಬರ್ ಕೊಳವೆ ಇರುತ್ತದೆ. ಅರೆಬರೆ ಬಲ್ಲವರು ಸೋರಿಕೆ ಎಂದೊಡನೆ ಅದಕ್ಕೂ ಸಿಲಿಕಾನ್ ಮೆತ್ತುತ್ತಾರೆ. ಆಮೇಲೆ ಡೂಮ್ ಬೇರೆ ಬಿರುಕು ಹುಡುಕಿಕೊಳ್ಳುತ್ತದೆ.

ಪಳಗಿದವನು ಮೊದಲು ಬಲ್ಬಿನ ಹಿಂದಿನ ರಬ್ಬರ್ ಬೂಟು ನೋಡುತ್ತಾನೆ. ಎಷ್ಟೋ ಸಲ ಅದು ಹರಿದಿರುತ್ತದೆ, ಇಲ್ಲವೇ ಬಲ್ಬ್ ಬದಲಿಸಿದವನು ಹಾಕಲು ಮರೆತಿರುತ್ತಾನೆ. ಅದು ಸರಿಯಿದ್ದರೆ ಅಂಚಿಗೆ ಸೋಪಿನ ನೀರು ಸವರಿ, ಕೊಳವೆಯಿಂದ ಮೆಲ್ಲಗೆ ಗಾಳಿ ಊದಿ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ಹುಡುಕುತ್ತಾನೆ. ಮೆತ್ತನೆಯ ಕಪ್ಪು ಬ್ಯೂಟೈಲ್ ಅಂಟಿನ ಡೂಮಾದರೆ ಹೀಟ್ ಗನ್ನಿನಿಂದ ಸುತ್ತಲೂ ಸಮನಾಗಿ ಕಾಯಿಸಿ ಬಿಡಿಸಬಹುದು. ಬೆಸೆದದ್ದು, ಗಟ್ಟಿ ಅಂಟಿನದು ಬಿಡುವುದಿಲ್ಲ. ಹಟ ಹಿಡಿದರೆ ಮುರಿಯುತ್ತದೆ. ಮತ್ತೆ ಮುಚ್ಚುವಾಗ ಹಳೆಯ ಅಂಟು ಪೂರ್ತಿ ಕೆರೆಯಬೇಕು. ವಿನೆಗರ್ ವಾಸನೆಯ ಸಿಲಿಕಾನ್ ಅಗ್ಗ, ಆದರೆ ಒಣಗುವಾಗ ಅದು ಬಿಡುವ ಆಮ್ಲದ ಹಬೆ ಒಳಗಿನ ಹೊಳಪನ್ನೇ ತಿನ್ನಬಲ್ಲದು.

ಆ ಹೊಳಪು ರಿಫ್ಲೆಕ್ಟರಿನ ಮೇಲಿನ ಅಲ್ಯುಮಿನಿಯಂ ಪದರ. ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸಿದ್ದು, ಬಟ್ಟೆ ಸೋಕಿದರೆ ಕಿತ್ತು ಬರುವಷ್ಟು ತೆಳು. ಒಳಗೆ ಕೆಸರು ನೀರು ನಿಂತ ಡೂಮಿನಲ್ಲಿ ಕರಗಿ ಕಪ್ಪಾಗಿರುತ್ತದೆ. ಕ್ರೋಮ್ ಸ್ಪ್ರೇ ಹೊಡೆದು ಹೊಸತರಂತೆ ತೋರಿಸುವವರಿದ್ದಾರೆ. ಕಣ್ಣಿಗೆ ಬೆಳ್ಳಿ, ರಸ್ತೆಗೆ ಕತ್ತಲೆ. ಇಲ್ಲಿ ಡೂಮ್ ಬದಲಿಸಿ ಎಂದು ಹೇಳಿ ಕೈಬಿಡುವವನೇ ನನ್ನ ಮಟ್ಟಿಗೆ ಒಳ್ಳೆಯ ಕಸುಬುದಾರ.

ಬೆಳಕು ಸಾಲದೆಂದು ಕಂಪನಿ ಕೊಟ್ಟ 24 ವೋಲ್ಟಿನ 75/70 ವ್ಯಾಟ್ ಬಲ್ಬ್ ಕಿತ್ತು 100 ವ್ಯಾಟಿನದು ತುರುಕುವವರಿಗೂ ಲೆಕ್ಕವಿಲ್ಲ. ಅದರ ಶಾಖಕ್ಕೆ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್ ಸುಡುತ್ತದೆ. ದೋಷ ಹೆಚ್ಚಾಗಿ ತುಕ್ಕು ಹಿಡಿದ ಅರ್ತ್ ವೈರಿನಲ್ಲೋ ಸವೆದ ಸ್ವಿಚ್ಚಿನಲ್ಲೋ ಇರುತ್ತದೆ. ಮೀಟರ್ ಹಿಡಿದು, ಬ್ಯಾಟರಿಯ ವೋಲ್ಟು ಬಲ್ಬಿನವರೆಗೆ ಬರುತ್ತಿದೆಯೇ ನೋಡಿ, ಅರ್ತ್ ಕೆರೆದು ಒಂದು ರಿಲೇ ಹಾಕಿದರೆ ಹಳೆಯ ಬಲ್ಬೇ ಬೆಳಗುತ್ತದೆ.

ಎಂಟು ವರ್ಷ ದಾಟಿದ ಲಾರಿಗೆ ಪ್ರತಿವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕಾದ್ದರಿಂದ ಇಂಥ ಗಾಡಿಗಳು ಆ ಗಡುವಿನ ಹಿಂದುಮುಂದೆಯೇ ಶೆಡ್ಡಿಗೆ ಬರುತ್ತವೆ. ಕಳಚಿ ಕೂರಿಸಿದ ಮೇಲೆ ಗಾಡಿಯನ್ನು ಸಮತಟ್ಟು ನೆಲದಲ್ಲಿ ಗೋಡೆಗೆ ಎದುರಾಗಿ ನಿಲ್ಲಿಸಿ, ಡಿಮ್ ಹಾಕಿ ಫೋಕಸ್ ಹೊಂದಿಸುತ್ತಾರೆ. ಖಾಲಿ ಗಾಡಿಯಲ್ಲಿ ಗೋಡೆಯ ಮೇಲಿನ ಗೆರೆಗೆ ಸರಿಯಾಗಿ ಹೊಂದಿಸಿದ ಬೆಳಕು, ಹಿಂದೆ ಲೋಡ್ ಬಿದ್ದು ಮೂತಿ ಎದ್ದಾಗ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಹಾಗಾಗಿ ಸ್ಕ್ರೂ ತಿರುಗಿಸುವ ಮುಂಚೆ ಕೇಳುವ ಪ್ರಶ್ನೆ ಒಂದೇ: ಗಾಡಿ ಲೋಡಾಗಿ ಓಡುವುದು ಹೆಚ್ಚೋ, ಖಾಲಿಯೋ?