ಹೊಲದಿಂದ ಬಂದ ಟ್ರ್ಯಾಕ್ಟರ್: ಸಣ್ಣ ಪೆಟ್ಟುಗಳ ತಪಾಸಣೆ ಮತ್ತು ದುರಸ್ತಿ

ನಮ್ಮ ಬೇಸಾಯದಲ್ಲಿ ಟ್ರ್ಯಾಕ್ಟರ್ ಮತ್ತು ಟ್ರೈಲರ್‌ಗಳು ಎತ್ತು-ಬಂಡಿಯ ಕೆಲಸವನ್ನು ಬಹುಮಟ್ಟಿಗೆ ವಹಿಸಿಕೊಂಡಿವೆ. ಆದರೆ ಎತ್ತಿಗೂ ಯಂತ್ರಕ್ಕೂ ಒಂದು ವ್ಯತ್ಯಾಸವಿದೆ. ಎತ್ತಿನ ಕಾಲಿಗೆ ಮುಳ್ಳು ಚುಚ್ಚಿದರೆ ಅದು ಕುಂಟುತ್ತದೆ, ಒಡೆಯನಿಗೆ ಕೂಡಲೇ ತಿಳಿಯುತ್ತದೆ. ಯಂತ್ರದಲ್ಲಿ ನಟ್ಟು ಸಡಿಲಾದರೂ, ಆಯಿಲ್ ಸೀಲ್ ಹರಿದರೂ, ಟೈರು ಸೀಳಿದರೂ ಅದು ಕೆಲವು ದಿನ ಓಡುತ್ತಲೇ ಇರುತ್ತದೆ. ಕೊನೆಗೆ ಹೆಚ್ಚು ಕೆಲಸವಿರುವ ದಿನವೇ ನಿಂತುಬಿಡುತ್ತದೆ.

ಈ ನಷ್ಟ ದುರಸ್ತಿಯ ವೆಚ್ಚಕ್ಕೆ ಮಾತ್ರ ಸೀಮಿತವಲ್ಲ. ವಿಜಯಪುರ, ಬಾಗಲಕೋಟೆ, ಗದಗ ಮುಂತಾದ ಜಿಲ್ಲೆಗಳ ಎರೆ ಭೂಮಿಯಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ಎರಡನೇ ಪಕ್ಷದಿಂದ ಅಕ್ಟೋಬರ್ ಮಧ್ಯದೊಳಗೆ ಬಿತ್ತಬೇಕಾಗುತ್ತದೆ. ತಡವಾದಷ್ಟೂ ತೆನೆ ಹೊರಡುವ ಹೊತ್ತಿಗೆ ಭೂಮಿಯಲ್ಲಿನ ತೇವಾಂಶ ತೀರಿ ಇಳುವರಿ ತಗ್ಗುತ್ತದೆ. ಹದ ಯಾರಿಗಾಗಿಯೂ ಕಾಯುವುದಿಲ್ಲ. ಆದುದರಿಂದ ಹೊಲದ ಕೆಲಸ ಮುಗಿದ ದಿನವೇ ಒಂದು ಗಂಟೆ ಕಾಲ ವಾಹನವನ್ನು ತೊಳೆದು, ನೋಡಿ, ಸಣ್ಣ ಪೆಟ್ಟುಗಳನ್ನು ಸರಿಪಡಿಸುವುದು ಬಿತ್ತನೆಯಷ್ಟೇ ಮುಖ್ಯವಾದ ಕೆಲಸ.

ಪೆಟ್ಟು ಬೀಳುವ ಬಗೆ

ಎರೆ ಮಣ್ಣಿನಲ್ಲಿ ಜೇಡಿಯ ಅಂಶ ಶೇಕಡಾ ೩೦ಕ್ಕೂ ಹೆಚ್ಚಾಗಿದ್ದು, ಹಲವೆಡೆ ೫೦ನ್ನೂ ಮೀರುತ್ತದೆ. ಹಸಿಯಾದಾಗ ಇದು ಹಿಗ್ಗಿ ಅಂಟುತ್ತದೆ, ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಅಚ್ಚಿನ ಸುತ್ತ ಕಟ್ಟಿಕೊಂಡ ಇಂತಹ ಮಣ್ಣು, ಅದರಲ್ಲಿ ಸೇರಿದ ಮರಳಿನ ಕಣಗಳೊಡನೆ, ಆಯಿಲ್ ಸೀಲಿನ ಅಂಚನ್ನು ಸವೆಸುತ್ತದೆ. ತಗಡಿಗೆ ಅಂಟಿದ ಮಣ್ಣು ತೇವವನ್ನು ಹಿಡಿದಿಟ್ಟು ತುಕ್ಕು ಹಿಡಿಸುತ್ತದೆ.

ಮಸಾರಿ ಭೂಮಿಯಲ್ಲಿ ಕಲ್ಲು ಮತ್ತು ಜಾಲಿ ಮುಳ್ಳಿನಿಂದ ಟೈರಿಗೆ ಪೆಟ್ಟು ಹೆಚ್ಚು. ತೊಗರಿ, ಹತ್ತಿ ಕಟಾವಾದ ಹೊಲದಲ್ಲಿ ಓರೆಯಾಗಿ ಕತ್ತರಿಸಿದ ಕೂಳೆಗಳು ಈಟಿಯ ಮೊನೆಯಂತೆ ನಿಂತಿರುತ್ತವೆ. ಇವುಗಳನ್ನು ನೆಲದ ಮಟ್ಟಕ್ಕೆ ಸಮನಾಗಿ ಕೊಯ್ಯಿಸಿದರೆ ಅರ್ಧ ಪಂಕ್ಚರ್‌ಗಳು ತಪ್ಪುತ್ತವೆ ಎಂದರೂ ನಡೆದೀತು.

ಹಳ್ಳ ದಾಟುವಾಗ ಇನ್ನೊಂದು ತೊಂದರೆಯುಂಟು. ದುಡಿದು ಬಿಸಿಯಾದ ಅಚ್ಚಿನ ಪೆಟ್ಟಿಗೆ ತಣ್ಣೀರಿನಲ್ಲಿ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಗಾಳಿರಂಧ್ರ ಅಥವಾ ಸವೆದ ಸೀಲಿನ ಮೂಲಕ ನೀರು ಒಳಕ್ಕೆ ಎಳೆಯಲ್ಪಟ್ಟು ಎಣ್ಣೆಯೊಡನೆ ಬೆರೆಯುತ್ತದೆ.

ತೊಳೆಯುವ ಕ್ರಮ

ಮಣ್ಣು ಒಣಗುವ ಮೊದಲೇ ತೊಳೆಯುವುದು ಒಳ್ಳೆಯದು. ಆದರೆ ಎಂಜಿನ್ ಆರುವ ತನಕ ಅದಕ್ಕೆ ನೀರು ಹಾಕಬಾರದು. ದಪ್ಪ ಮಣ್ಣನ್ನು ಮರದ ತುಂಡಿನಿಂದ ಕೆರೆದು ತೆಗೆಯಬೇಕು. ರಭಸದ ನೀರನ್ನು ಬೇರಿಂಗ್, ಸೀಲ್, ಡೈನಮೊ, ಸ್ಟಾರ್ಟರ್ ಮತ್ತು ಏರ್ ಕ್ಲೀನರ್ ಕಡೆಗೆ ಬಿಡಬಾರದು. ರೇಡಿಯೇಟರನ್ನು ಫ್ಯಾನಿನ ಕಡೆಯಿಂದ ಹೊರಮುಖವಾಗಿ ಮೆಲ್ಲಗೆ ತೊಳೆದರೆ ಸಿಕ್ಕಿಕೊಂಡ ಹೊಟ್ಟು, ಕಸ ಹೊರಬರುತ್ತದೆ. ತೊಳೆದ ನಂತರ ಎಲ್ಲ ಗ್ರೀಸ್ ನಿಪ್ಪಲ್‌ಗಳಿಗೂ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸ ಗ್ರೀಸ್ ತುಂಬಬೇಕು. ಅದರೊಡನೆ ಒಳಹೊಕ್ಕ ನೀರು ಮತ್ತು ಮಣ್ಣು ಸಹ ಹೊರಬರುತ್ತವೆ.

ಅನಂತರ ಕಂಡುಬಂದ ದೋಷಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿಕೊಳ್ಳಬೇಕು.

೧. ಮನೆಯಲ್ಲಿಯೇ ಸರಿಪಡಿಸಬಹುದಾದವು

ಗಾಲಿಯ ನಟ್ಟುಗಳು: ಒಂದರ ಪಕ್ಕ ಒಂದನ್ನಲ್ಲ, ಎದುರುಬದುರಿನ ನಟ್ಟುಗಳನ್ನು ಸರದಿಯಂತೆ ಬಿಗಿಗೊಳಿಸಬೇಕು. ಗಾಲಿ ಬಿಚ್ಚಿ ಜೋಡಿಸಿದ್ದಲ್ಲಿ ಒಂದೆರಡು ಗಂಟೆ ದುಡಿದ ಮೇಲೆ ಮತ್ತೊಮ್ಮೆ ನೋಡಬೇಕು.

ಫ್ಯಾನ್ ಬೆಲ್ಟ್: ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು ಅರ್ಧ ಅಂಗುಲ ಬಾಗಿದರೆ ಸರಿ. ಹೆಚ್ಚು ಬಾಗಿದರೆ ಬಿಗಿ ಮಾಡಬೇಕು, ಬಿರುಕು ಕಂಡರೆ ಬದಲಾಯಿಸಬೇಕು.

ಏರ್ ಕ್ಲೀನರ್: ಎಣ್ಣೆ ತುಂಬುವ ಬಗೆಯದಾದರೆ ಬಟ್ಟಲಿನ ಎಣ್ಣೆ ಮಣ್ಣಾಗಿದ್ದಲ್ಲಿ ಚೆಲ್ಲಿ, ಬಟ್ಟಲು ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಬೇಕು. ಒಣ ಬಗೆಯದಾದರೆ ಕೈಪಿಡಿಯಂತೆ ಶುಚಿಗೊಳಿಸಬೇಕು. ಒದ್ದೆಯಾದ ಕಾಗದದ ಫಿಲ್ಟರ್ ಹಾಕಿ ಎಂಜಿನ್ ನಡೆಸಬಾರದು.

ಟೈರು: ಗುಬ್ಬಿಗಳ ನಡುವಿನ ಕಲ್ಲು, ಮುಳ್ಳು, ಕೂಳೆಗಳನ್ನು ತೆಗೆಯಬೇಕು. ರಬ್ಬರಿನಲ್ಲಿ ಮಾತ್ರ ಇರುವ ಮೇಲ್ಮೈ ಸೀಳಿಗೆ ಭಯವಿಲ್ಲ. ಆದರೆ ಅದು ಬೆಳೆಯುತ್ತಿದೆಯೇ ಎಂದು ಗಮನಿಸುತ್ತಿರಬೇಕು.

ಮಡ್‌ಗಾರ್ಡ್ ಮತ್ತು ತಗಡು: ನೆಗ್ಗಿದ ಭಾಗದ ಒಂದು ಬದಿಗೆ ಮರದ ದಿಮ್ಮಿ ಹಿಡಿದು ಇನ್ನೊಂದು ಬದಿಯಿಂದ ಅಂಚಿನಿಂದ ನಡುವಿಗೆ ಮೆಲ್ಲಗೆ ಬಡಿಯಬೇಕು. ಬಣ್ಣ ಕಿತ್ತ ಜಾಗವನ್ನು ತಂತಿ ಬ್ರಷ್ ಮತ್ತು ಉಪ್ಪುಕಾಗದದಿಂದ ಉಜ್ಜಿ, ಒಣಗಿಸಿ, ಒಮ್ಮೆ ರೆಡ್ ಆಕ್ಸೈಡ್ ಹಾಗೂ ಮೇಲೆ ಎರಡು ಸಲ ಬಣ್ಣ ಬಳಿದರೆ ತುಕ್ಕು ನಿಲ್ಲುತ್ತದೆ.

ಬ್ಯಾಟರಿ: ತುದಿಗಳಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದ್ದಲ್ಲಿ, ಮುಚ್ಚಳಗಳು ಭದ್ರವಾಗಿರುವಂತೆ ನೋಡಿಕೊಂಡು, ಅಡಿಗೆ ಸೋಡಾದ ನೀರಿನಿಂದ ತೊಳೆದು, ಒರೆಸಿ, ವ್ಯಾಸಲೀನ್ ಸವರಬೇಕು.

೨. ತಿಳಿದ ಮೆಕ್ಯಾನಿಕ್‌ಗೆ ತೋರಿಸಬೇಕಾದವು

ಅಳತೆಕಡ್ಡಿಯಲ್ಲಿ ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗೆ ಕಂಡರೆ ನೀರು ಸೇರಿದೆ ಎಂದರ್ಥ. ನೀರು ಎಣ್ಣೆಗಿಂತ ಭಾರವಾದುದರಿಂದ ರಾತ್ರಿಯೆಲ್ಲಾ ನಿಲ್ಲಿಸಿ ಬೆಳಿಗ್ಗೆ ಕೆಳಗಿನ ಬಿರಡೆಯನ್ನು ಸ್ವಲ್ಪವೇ ಸಡಿಲಿಸಿದರೆ ನೀರು ಮೊದಲು ಹೊರಬರುವುದನ್ನು ಕಾಣಬಹುದು. ಹಾಲಿನಂತಾದ ಎಣ್ಣೆಯನ್ನು ಪೂರ್ಣ ಬದಲಾಯಿಸಿ, ನೀರು ಹೊಕ್ಕ ದಾರಿಯನ್ನು ಪತ್ತೆ ಮಾಡಿಸಬೇಕು. ಗಾಲಿಯ ಒಳಬದಿ ಎಣ್ಣೆ ಸೋರಿ ಮಣ್ಣು ಕಪ್ಪಗೆ ಅಂಟಿದ್ದರೆ, ಟೈರಿನ ಸೀಳಿನಲ್ಲಿ ನೂಲು ಕಾಣುತ್ತಿದ್ದರೆ, ಟೈರಿನ ಪಕ್ಕ ಉಬ್ಬಿದ್ದರೆ ತಡಮಾಡಬಾರದು.

ಮುಂದಿನ ಗಾಲಿಗಳು ಕಲ್ಲಿಗೆ ಅಥವಾ ಬದುವಿಗೆ ಬಡಿದಿದ್ದಲ್ಲಿ ಅವುಗಳ ನಡುವಣ ಅಂತರವನ್ನು ಅಚ್ಚಿನ ಎತ್ತರದಲ್ಲಿ ಮುಂದೆ ಒಮ್ಮೆ, ಹಿಂದೆ ಒಮ್ಮೆ ದಾರದಿಂದ ಅಳೆಯಬೇಕು. ಮುಂದಿನ ಅಳತೆ ಹಿಂದಿನದಕ್ಕಿಂತ ಕೆಲವೇ ಮಿಲಿಮೀಟರ್ ಕಡಿಮೆಯಿರುವುದು ಸಾಮಾನ್ಯ ರೂಢಿ. ಕೈಪಿಡಿಯ ಅಳತೆಗೆ ಹೊಂದದಿದ್ದರೆ ಟೈ ರಾಡ್ ಬಾಗಿರುವ ಸಂಭವವಿದೆ. ಬಾಗಿದ ರಾಡನ್ನು ಕುಲುಮೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸಬಾರದು, ಹೊಸದನ್ನೇ ಹಾಕಿಸಬೇಕು.

೩. ಸರಿಯಾಗುವವರೆಗೆ ರಸ್ತೆಗೆ ತರಬಾರದವು

ಬ್ರೇಕ್ ಹಿಡಿಯದಿರುವುದು, ಸ್ಟಿಯರಿಂಗ್ ಕೀಲು ಸಡಿಲಾಗಿರುವುದು, ಗಾಲಿಯ ರಿಮ್ ಅಥವಾ ಟ್ರೈಲರಿನ ಕೊಂಡಿ ಬಿರುಕು ಬಿಟ್ಟಿರುವುದು, ಡೀಸೆಲ್ ಸೋರಿ ಬಿಸಿ ಭಾಗದ ಮೇಲೆ ಬೀಳುವುದು - ಇವು ಕಣ್ಣಿಗೆ ಸಣ್ಣವಾದರೂ ಪ್ರಾಣಕ್ಕೆ ಎರವಾಗುವಂತಹವು. ಕೊಂಡಿಯ ಪಿನ್ನು ಕಳೆದುಹೋಯಿತೆಂದು ಕೈಗೆ ಸಿಕ್ಕ ಬೋಲ್ಟ್ ಅಥವಾ ಕಬ್ಬಿಣದ ಸರಳನ್ನು ತೂರಿಸಿ ಕಬ್ಬು ಸಾಗಿಸುವ ಪದ್ಧತಿಯನ್ನು ಬಿಡಬೇಕು.

ಟೈರು ಇರುವ ರಿಮ್ಮಿಗೆ ಎಂದಿಗೂ ವೆಲ್ಡಿಂಗ್ ಮಾಡಿಸಬಾರದು. ಗಾಳಿ ಬಿಟ್ಟಿದ್ದರೂ ಒಳಗಿನ ರಬ್ಬರ್ ಕಾದು ಹೊರಡುವ ಅನಿಲ ಉರಿದು ಟೈರು ಸಿಡಿಯಬಹುದು. ಟೈರನ್ನು ರಿಮ್ಮಿನಿಂದ ಪೂರ್ಣ ಕಳಚಿದ ನಂತರವೇ ಮುಂದಿನ ಮಾತು. ಬೇರೆ ಭಾಗಗಳಿಗೆ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿಯ ತಂತಿಗಳನ್ನು ಮೊದಲು ಬಿಚ್ಚಬೇಕು. ಮೆತ್ತನೆಯ ನೆಲದಲ್ಲಿ ಜಾಕ್ ಕೆಳಗೆ ದಪ್ಪ ಹಲಗೆ ಇಟ್ಟು, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು ಎತ್ತಬೇಕು. ಜಾಕ್ ಒಂದನ್ನೇ ನಂಬಿ ಕೆಳಗೆ ನುಸುಳಬಾರದು.

ಹೊಲದಿಂದ ರಸ್ತೆಗೆ ಬರುವಾಗ

ಹೊಲದಲ್ಲಿ ತಿರುಗಿಸಲು ಬೇರ್ಪಡಿಸಿದ ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಬರುವ ಮುನ್ನ ಕೂಡಿಸಿ ಚಿಲಕ ಹಾಕಬೇಕು. ಇಲ್ಲವಾದರೆ ವೇಗದಲ್ಲಿ ಒಂದೇ ಗಾಲಿಗೆ ಬ್ರೇಕ್ ಬಿದ್ದು ಟ್ರ್ಯಾಕ್ಟರ್ ಮಗುಚಬಹುದು. ಒಣ ಬ್ರೇಕ್ ಇರುವ ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ನೀರು ದಾಟಿದ ಮೇಲೆ ಸ್ವಲ್ಪ ದೂರ ನಿಧಾನವಾಗಿ ಚಲಿಸುತ್ತಾ ಪೆಡಲನ್ನು ಹಗುರವಾಗಿ ಒತ್ತಿ ಒಣಗಿಸಬೇಕು. ನಮ್ಮ ಬಹುತೇಕ ಟ್ರೈಲರ್‌ಗಳಿಗೆ ಸ್ವಂತ ಬ್ರೇಕ್ ಇಲ್ಲದ ಕಾರಣ ಹೇರಿನ ಭಾರವೆಲ್ಲ ಟ್ರ್ಯಾಕ್ಟರಿನ ಬ್ರೇಕಿನ ಮೇಲೆಯೇ ಬೀಳುತ್ತದೆಂಬುದನ್ನು ಮರೆಯಬಾರದು.

ಟೈರಿನ ಮಣ್ಣನ್ನು ಹೊಲದ ಅಂಚಿನಲ್ಲಿಯೇ ಕೆರೆದು ಬರಬೇಕು. ರಸ್ತೆಯಲ್ಲಿ ಉದುರಿದ ಎರೆ ಹೆಂಟೆಯ ಮೇಲೆ ಮಳೆ ಬಿದ್ದರೆ ದ್ವಿಚಕ್ರ ವಾಹನದವರು ಜಾರಿ ಬೀಳುತ್ತಾರೆ. ಟ್ರೈಲರಿನ ಹಿಂದಿನ ಕೆಂಪು ಪ್ರತಿಫಲಕ ಹಾಗೂ ದೀಪಗಳ ಕೆಸರನ್ನು ಒರೆಸಲು ಒಂದು ಹಿಡಿ ಬಟ್ಟೆ ಸಾಕು.

ಟ್ರ್ಯಾಕ್ಟರ್ ನಿರ್ವಹಣೆಯಲ್ಲಿ ತರಬೇತಿ ಬಯಸುವ ಯುವ ರೈತರಿಗೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಸಂಸ್ಥೆ ನಮಗೆ ಹತ್ತಿರವಾದುದು. ಗ್ರಾಮಮಟ್ಟದ ಕಾರ್ಯಕರ್ತರು ಬಿತ್ತನೆಗೆ ಮುಂಚೆ ಊರಿನ ಚಾಲಕರನ್ನು ಒಂದೆಡೆ ಸೇರಿಸಿ ಮೇಲಿನ ತಪಾಸಣೆಯನ್ನು ಮಾಡಿ ತೋರಿಸಿದರೆ ಬಹಳ ಉಪಯೋಗವಾದೀತು.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಳ್ಳಬೇಕಾದ ಪರಿಸ್ಥಿತಿಯನ್ನು ನಾವೇ ತಂದುಕೊಳ್ಳಬಾರದು. ಒಂದು ಸ್ಪ್ಯಾನರ್ ಸೆಟ್ಟು, ಗ್ರೀಸ್ ಗನ್ನು, ಗಾಳಿಯ ಒತ್ತಡ ಅಳೆಯುವ ಮಾಪಕ, ತಂತಿ ಬ್ರಷ್ ಮತ್ತು ಕಂಡ ದೋಷವನ್ನು ದಿನಾಂಕದೊಡನೆ ಬರೆದಿಡಲು ಒಂದು ಪುಸ್ತಕ - ಇಷ್ಟು ಮನೆಯಲ್ಲಿದ್ದರೆ ಈ ಕೆಲಸವನ್ನು ಈ ಹಂಗಾಮಿನಿಂದಲೇ ಪ್ರಾರಂಭಿಸಬಹುದು.