ಅದರಲ್ಲೇನು ಮಹಾ ಎನ್ನುವ ಮುನ್ನ

"ನಿಮ್ಮ ಹವ್ಯಾಸಗಳೇನು?" ಸ್ಟುಡಿಯೋಗೆ ಬರುವ ಅತಿಥಿಗಳಿಗೆ ನಾವು ಈ ಪ್ರಶ್ನೆ ಕೇಳುವುದುಂಟು. ಬಹಳ ಮಂದಿ ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ: ಓದುವುದು, ಸಂಗೀತ ಕೇಳುವುದು, ಪ್ರವಾಸ. ದೀಪಗಳು ಆರಿ, ಮೈಕ್ ತೆಗೆದು, ಕಾಫಿ ಕುಡಿಯುವಾಗ ಬೇರೆಯೇ ಉತ್ತರ ಹೊರಬೀಳುತ್ತದೆ. ಒಬ್ಬರು ವರ್ಷದ ಮೊದಲ ಕೋಗಿಲೆ ಕೂಗಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಇನ್ನೊಬ್ಬರು ಕೆಟ್ಟ ಗೋಡೆ ಗಡಿಯಾರ ಸಿಕ್ಕಿದರೆ ಬಿಚ್ಚದೆ ಬಿಡುವುದಿಲ್ಲ. ಮತ್ತೊಬ್ಬರು ಅಡಿಕೆ ಹಾಳೆಯಲ್ಲಿ ಹಕ್ಕಿಗಳನ್ನು ಮಾಡುತ್ತಾರೆ. ಇದನ್ನು ಕ್ಯಾಮೆರಾ ಮುಂದೆ ಏಕೆ ಹೇಳಲಿಲ್ಲವೆಂದು ಕೇಳಿದರೆ, "ಅಯ್ಯೋ, ಅದರಲ್ಲೇನು ಮಹಾ!" ಎಂದು ನಕ್ಕುಬಿಡುತ್ತಾರೆ.

ಓದುಗರೇ, ಈ ಮಾತನ್ನು ಬೇರೆಯವರು ಆಡುವುದಕ್ಕಿಂತ ನಾವೇ ಹೆಚ್ಚು ಆಡಿಕೊಳ್ಳುತ್ತೇವೆ. ನಮಗೆ ಸುಲಭವಾಗಿ ಬರುವ ಕೆಲಸ ಎಲ್ಲರಿಗೂ ಸುಲಭವೆಂದು ಭಾವಿಸುತ್ತೇವೆ. ಹಣ, ಬಹುಮಾನ, ಸರ್ಟಿಫಿಕೇಟ್ ತರದ ಕೆಲಸಕ್ಕೆ ಬೆಲೆ ಇಲ್ಲವೆಂದುಕೊಳ್ಳುತ್ತೇವೆ. ಹಾಗಾದರೆ ನಮ್ಮ ಕುಶಲತೆಯನ್ನು ನಾವೇ ಮೆಚ್ಚಿಕೊಳ್ಳುವುದು ಎಂದರೇನು? ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳುವುದೇ? ಅಲ್ಲ. ಬೇರೊಬ್ಬರ ಒಳ್ಳೆಯ ಕೆಲಸಕ್ಕೆ ಎಷ್ಟು ಗಮನ ಕೊಡುತ್ತೇವೋ ಅಷ್ಟೇ ಗಮನವನ್ನು ನಮ್ಮ ಕೆಲಸಕ್ಕೂ ಕೊಡುವುದು. ಇದಕ್ಕೆ ಒಂದು ನಿಜವಾದ ಉದಾಹರಣೆ ನೋಡೋಣ.

ದೇವಳಾಲಿಯ ಮೇಷ್ಟ್ರು

ನಾಸಿಕದ ಹತ್ತಿರ ದೇವಳಾಲಿ ಎಂಬ ಊರಿದೆ. ಅಲ್ಲಿ 1930ರಿಂದ 1962ರವರೆಗೆ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಎಂಬವರು ಶಾಲಾ ಮೇಷ್ಟ್ರಾಗಿದ್ದರು. ಬಿ.ಎಸ್ಸಿ. ಪದವೀಧರರು. ಸಂಶೋಧನೆಯ ಪದವಿ ಇರಲಿಲ್ಲ, ವಿಶ್ವವಿದ್ಯಾಲಯದ ಹುದ್ದೆ ಇರಲಿಲ್ಲ. ಅಂಕಿಗಳ ಜೊತೆ ಆಡುವುದು ಅವರ ಹವ್ಯಾಸ. ಇತರರು ಇಸ್ಪೀಟು ಆಡುವಂತೆ ಅವರು ಸಂಖ್ಯೆಗಳನ್ನು ಕೂಡಿ, ಕಳೆದು, ತಿರುಗಿಸಿ ನೋಡುತ್ತಿದ್ದರು.

1949ರಲ್ಲಿ ಅವರು ಲೋಕದ ಮುಂದಿಟ್ಟ ಒಂದು ಸಂಗತಿಯನ್ನು ನೀವೇ ಪರೀಕ್ಷಿಸಬಹುದು. ಪೆನ್ಸಿಲ್ ತೆಗೆದುಕೊಳ್ಳಿ. ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ಬರೆಯಿರಿ. ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೆ. ಉದಾಹರಣೆಗೆ 3524. ಅದರ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 5432, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ 2345. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. 3087 ಬರುತ್ತದೆ. ಇದಕ್ಕೂ ಹಾಗೆಯೇ ಮಾಡಿ: 8730ರಲ್ಲಿ 0378 ಕಳೆದರೆ 8352. ಮತ್ತೊಮ್ಮೆ: 8532ರಲ್ಲಿ 2358 ಕಳೆದರೆ 6174. ಇನ್ನು ಎಷ್ಟು ಸಲ ಮಾಡಿದರೂ 6174 ಅಲುಗುವುದಿಲ್ಲ. ಏಕೆಂದರೆ 7641ರಲ್ಲಿ 1467 ಕಳೆದರೆ ಮತ್ತೆ 6174. ನೀವು ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಇಲ್ಲಿಗೇ ಬಂದು ಸೇರುತ್ತೀರಿ. ಲೆಕ್ಕ ಮಾಡುವಾಗ ಮುಂದೆ ಸೊನ್ನೆ ಬಂದರೆ ಅದನ್ನು ಬಿಡದೆ ನಾಲ್ಕಂಕಿಯಾಗಿಯೇ ಬರೆದುಕೊಳ್ಳಬೇಕು.

ಇದು ಮಾಟವಲ್ಲ. ಈ ಕಳೆಯುವ ಲೆಕ್ಕದ ಉತ್ತರ ಎರಡೇ ಅಂತರಗಳನ್ನು ಅವಲಂಬಿಸಿದೆ. ಒಂದು, ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕ ಅಂಕಿಗೂ ಇರುವ ಅಂತರ. ಅದನ್ನು 999ರಿಂದ ಗುಣಿಸಬೇಕು. ಇನ್ನೊಂದು, ನಡುವಿನ ಎರಡು ಅಂಕಿಗಳ ಅಂತರ. ಅದನ್ನು 90ರಿಂದ ಗುಣಿಸಬೇಕು. ಎರಡನ್ನೂ ಕೂಡಿದರೆ ಉತ್ತರ ಸಿದ್ಧ. ಹೀಗಾಗಿ ಸಾವಿರಾರು ಸಂಖ್ಯೆಗಳು ಮೊದಲ ಹೆಜ್ಜೆಯಲ್ಲೇ ಕೇವಲ 54 ಉತ್ತರಗಳಿಗೆ ಇಳಿದುಬಿಡುತ್ತವೆ. ಆ 54ರ ದಾರಿಗಳನ್ನು ಹಿಡಿದು ಹೋದರೆ ಎಲ್ಲವೂ 6174ರಲ್ಲಿ ಕೂಡುವುದನ್ನು ಒಂದು ಹಾಳೆಯ ಮೇಲೆ ನೋಡಬಹುದು.

ಕಾಪ್ರೇಕರ್ ಇಂಥವನ್ನು ಹಲವು ಕಂಡುಹಿಡಿದರು. 45ನ್ನು 45ರಿಂದ ಗುಣಿಸಿದರೆ 2025. ಅದನ್ನು ಎರಡು ಭಾಗ ಮಾಡಿ ಕೂಡಿದರೆ, 20 ಮತ್ತು 25, ಮತ್ತೆ 45! ಇಂಥ ಸಂಖ್ಯೆಗಳಿಗೆ ಇಂದು ಅವರದೇ ಹೆಸರಿದೆ. ಮತ್ತೊಂದು ಗುಂಪಿಗೆ ಅವರು ತಮ್ಮ ಊರಿನ ಹೆಸರು ಕೊಟ್ಟು 'ದೇವಳಾಲಿ ಸಂಖ್ಯೆ'ಗಳೆಂದು ಕರೆದರು.

ಆಗಿನ ಹಲವು ಗಣಿತಜ್ಞರು ಇದನ್ನು ಮಕ್ಕಳಾಟವೆಂದು ಬದಿಗಿಟ್ಟರು. ಮೇಷ್ಟ್ರು ತಮ್ಮ ಬರಹಗಳಲ್ಲಿ ಕೆಲವನ್ನು ತಾವೇ ಸಣ್ಣ ಪುಸ್ತಿಕೆಗಳಾಗಿ ಅಚ್ಚು ಹಾಕಿಸಿದರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಇವರ ಬಗ್ಗೆ ಬರೆದ ಮೇಲೆ ಹೆಸರು ಜಗತ್ತಿಗೆ ತಿಳಿಯಿತು. ಆಗ ಮೇಷ್ಟ್ರಿಗೆ 70 ವರ್ಷ. ಆದರೆ ಗಮನಿಸಿ: ಗಾರ್ಡ್ನರ್ ಬರೆಯದೇ ಇದ್ದಿದ್ದರೂ 6174ರ ಗುಣ ಹಾಗೆಯೇ ಇರುತ್ತಿತ್ತು. ಕಾಪ್ರೇಕರ್ ಅದನ್ನು ಬರೆದಿಡದೇ ಹೋಗಿದ್ದರೆ ಮಾತ್ರ ಅವರ ವರ್ಷಗಳ ಶ್ರಮ ಅವರೊಡನೆಯೇ ಹೋಗುತ್ತಿತ್ತು.

ಅಂಗಳದ ಗಣಿತ

ಇದು ಓದಿದವರ ಮಾತಾಯಿತು, ಮನೆಗೆಲಸದಲ್ಲಿ ಮುಳುಗಿರುವ ನಮಗೇನು ಎನ್ನುವಿರಾ? ನಿಮ್ಮ ಹೊಸ್ತಿಲ ಮುಂದೆಯೇ ನೋಡಿ. ಚುಕ್ಕಿ ರಂಗೋಲಿ ಹಾಕುವವರು ಮಧ್ಯದ ಸಾಲಿಗೆ 15 ಚುಕ್ಕಿ ಇಟ್ಟು, ಎರಡೂ ಕಡೆ ಸಂದಿಗೊಂದರಂತೆ ಇಡುತ್ತಾ 8ಕ್ಕೆ ನಿಲ್ಲಿಸುತ್ತಾರೆ. ಒಟ್ಟು 169 ಚುಕ್ಕಿಗಳು, ಆರು ಮೂಲೆಯ ಆಕೃತಿ. ಅಳತೆಪಟ್ಟಿ ಇಲ್ಲ, ಅಳಿಸುವ ರಬ್ಬರ್ ಇಲ್ಲ. ಮೇಲೆ ಎಳೆಯನ್ನು ಎಲ್ಲಿ ತಿರುಗಿಸಬೇಕು, ಹೊರಟ ಚುಕ್ಕಿಗೆ ಹೇಗೆ ಮರಳಬೇಕು ಎಂಬ ನಿಯಮವೆಲ್ಲ ಬೆರಳ ತುದಿಯಲ್ಲಿದೆ.

ಇದರಲ್ಲೇನು ಮಹಾ ಎನ್ನಬೇಡಿ. ತಮಿಳುನಾಡಿನ ಮನೆಗಳ ಮುಂದೆ ಹಾಕುವ ಇದೇ ಬಗೆಯ ಕೋಲಮ್‌ಗಳನ್ನು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಅಧ್ಯಯನ ಮಾಡಿದರು. ವಾಕ್ಯಕ್ಕೆ ವ್ಯಾಕರಣ ಇರುವಂತೆ ಈ ಚಿತ್ರಗಳಿಗೂ ವ್ಯಾಕರಣ ಬರೆಯಬಹುದು, ಕಂಪ್ಯೂಟರ್ ಚಿತ್ರಗಳನ್ನು ವಿವರಿಸಲು ಅದು ನೆರವಾಗುತ್ತದೆ ಎಂದು ತೋರಿಸಿದರು. ವಿಜ್ಞಾನಿಗಳು ಹೊಗಳಿದ್ದರಿಂದ ರಂಗೋಲಿಗೆ ಬೆಲೆ ಬಂತೆಂದಲ್ಲ. ಇದ್ದ ಬೆಲೆಯನ್ನು ಅವರು ಗಮನವಿಟ್ಟು ನೋಡಿದರು. ಆ ಗಮನವನ್ನು ಹಾಕುವವರೂ ಕೊಟ್ಟುಕೊಳ್ಳಬಹುದಲ್ಲ! ಬೆಳಿಗ್ಗೆ ಹಾಕಿದ್ದು ಸಂಜೆಗೆ ತುಳಿದು ಹೋಗುತ್ತದೆ. ಅಜ್ಜಿಯ ಜೊತೆಗೇ ಹೋಗಿಬಿಟ್ಟ ರಂಗೋಲಿಗಳು ನಮ್ಮ ಮನೆಗಳಲ್ಲಿ ಎಷ್ಟಿಲ್ಲ?

ಬಹುಮಾನದ ಗುಟ್ಟು

ಈಗ ಒಂದು ಎಚ್ಚರಿಕೆ. ಹವ್ಯಾಸ ಕಂಡೊಡನೆ ಅದನ್ನು ಸ್ಪರ್ಧೆಗೋ ಸಂಪಾದನೆಗೋ ಹಚ್ಚುವ ಆತುರ ನಮ್ಮಲ್ಲಿದೆ, ಅದರಲ್ಲೂ ಮಕ್ಕಳ ವಿಷಯದಲ್ಲಿ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಅಮೆರಿಕದ ಒಂದು ಶಿಶುವಿಹಾರದಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದೆಂದರೆ ಪ್ರಾಣ ಎನ್ನುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ "ಚಿತ್ರ ಬರೆದರೆ ಸರ್ಟಿಫಿಕೇಟ್ ಕೊಡುತ್ತೇವೆ" ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ, ಬರೆದಾದ ಮೇಲೆ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಕೆಲ ದಿನಗಳ ನಂತರ ಮಕ್ಕಳನ್ನು ಅವರ ಪಾಡಿಗೆ ಆಡಲು ಬಿಟ್ಟು ನೋಡಿದಾಗ, ಬಹುಮಾನದ ಆಸೆ ತೋರಿಸಿದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಆಟವಾಗಿದ್ದದ್ದು ಕೂಲಿಯಾಗಿತ್ತು. ಹೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹೀಗೆ ಉತ್ಸಾಹ ಕುಗ್ಗಲಿಲ್ಲ.

ಆದ್ದರಿಂದ ಮಗು ತಂದು ತೋರಿಸಿದ ಚಿತ್ರಕ್ಕೆ "ಸ್ಪರ್ಧೆಗೆ ಕಳಿಸೋಣವೇ?" ಎನ್ನುವ ಬದಲು "ಈ ಬಣ್ಣ ಹೇಗೆ ತಂದೆ?" ಎಂದು ಕೇಳಿ. ಅದೇ ಪ್ರಶ್ನೆಯನ್ನು ನಿಮ್ಮ ಕೆಲಸಕ್ಕೂ ಕೇಳಿಕೊಳ್ಳಿ.

ಎಲ್ಲಿಂದ ಆರಂಭಿಸುವುದು?

ನಿಮ್ಮ ಕುಶಲತೆ ಯಾವುದೆಂದೇ ತಿಳಿಯದಿದ್ದರೆ ಮೂರು ಪ್ರಶ್ನೆ ಹಾಕಿಕೊಳ್ಳಿ. ಯಾರೂ ಹೇಳದಿದ್ದರೂ ನೀವು ಮಾಡುವ ಕೆಲಸ ಯಾವುದು? ಇತರರು ನೋಡದೆ ದಾಟಿಹೋಗುವ ಯಾವ ವಸ್ತುವಿನ ಮುಂದೆ ನೀವು ನಿಲ್ಲುತ್ತೀರಿ? ಸರಿಬರಲಿಲ್ಲವೆಂದು ಯಾವುದನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಮಾಡುತ್ತೀರಿ? ಉತ್ತರ ಸಿಕ್ಕಿದ ಕಡೆ ನಿಮ್ಮ ಕೈಗೆ ಏನೋ ಗೊತ್ತಿದೆ ಎಂದು ಅರ್ಥ.

ಆಮೇಲೆ ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ದಿನಾಂಕ ಹಾಕಿ, ಮಾಡಿದ್ದನ್ನು ಬರೆಯಿರಿ, ಕೆಟ್ಟದ್ದನ್ನೂ ಬರೆಯಿರಿ. ಅಮೆರಿಕದ ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ ಮಾಡಿದ್ದು ಇದನ್ನೇ. 1885ರ ಜನವರಿ 15ರಂದು, ತನ್ನ 19ನೇ ವಯಸ್ಸಿನಲ್ಲಿ, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಒಂದು ಹಿಮದ ಹರಳಿನ ಚಿತ್ರ ತೆಗೆದ. ಬೇಸಾಯ ಬಿಡಲಿಲ್ಲ, ಹಿಮವನ್ನೂ ಬಿಡಲಿಲ್ಲ. ಬದುಕಿನ ಕೊನೆಯ ಹೊತ್ತಿಗೆ 5000ಕ್ಕೂ ಹೆಚ್ಚು ಚಿತ್ರಗಳಾಗಿದ್ದವು. 1931ರಲ್ಲಿ ಅವುಗಳ ಪುಸ್ತಕ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಟ್ಲಿ ತೀರಿಕೊಂಡ. ಕೈಗೆ ಬಿದ್ದೊಡನೆ ಕರಗುವ ವಸ್ತುವನ್ನು ಉಳಿಸಿಹೋದ.

ಕೊನೆಯದಾಗಿ, ನಿಮ್ಮ ಕೆಲಸವನ್ನು ಒಬ್ಬರಿಗಾದರೂ ತೋರಿಸಿ. ಹೊಗಳುವವರಿಗಲ್ಲ, "ಇದನ್ನು ಹೇಗೆ ಮಾಡಿದಿರಿ?" ಎಂದು ಕೇಳುವವರಿಗೆ. ಅಂಥವರು ಮನೆಯಲ್ಲೇ ಇರಬಹುದು, ಬೀದಿಯ ಕೊನೆಯ ಮನೆಯಲ್ಲಿರಬಹುದು. ನಿಮ್ಮ ನೆರೆಯವರೂ "ಅದರಲ್ಲೇನು ಮಹಾ" ಎಂದುಕೊಂಡು ತಮ್ಮದೊಂದು ನೋಟ್‌ಬುಕ್ ಅನ್ನು ಬೀರುವಿನಲ್ಲಿ ಮುಚ್ಚಿಟ್ಟಿರಬಹುದು. ಈ ಭಾನುವಾರ ಹೋಗಿ ಕೇಳಿ ನೋಡಿ. ಹೋಗುವಾಗ ನಿಮ್ಮದನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.